ಬೆಂಜೈಲ್ ಒಂದೇ ಹೋಗಬೇಕು, ಉಳಿದದ್ದೆಲ್ಲ ಉಳಿಯಬೇಕು: ಕೆಲಸ ಎಲ್ಲಿಗೆ ಬಂತು

ನಮ್ಮ ಅಣುವಿನಲ್ಲಿ ಫೀನಾಲ್ (ಬೆಂಜೀನ್ ರಿಂಗ್‌ಗೆ ಅಂಟಿದ OH) ಮೇಲೆ ಒಂದು ಬೆಂಜೈಲ್ ಈಥರ್ ಇದೆ, ಅಂದರೆ ಆ OHಗೆ ತಾತ್ಕಾಲಿಕ ಮುಚ್ಚಳದಂತೆ ಹಚ್ಚಿದ ಬೆಂಜೈಲ್ ಗುಂಪು. ಈಗ ತೆಗೆಯಬೇಕಾದ್ದು ಅದೊಂದೇ. ಅದೇ ರಿಂಗ್‌ನಲ್ಲಿ ಬ್ರೋಮಿನ್ ಇದೆ, ಮುಂದಿನ ಸುಜುಕಿ ಕಪ್ಲಿಂಗ್‌ಗೆ (ಎರಡು ಇಂಗಾಲದ ತುಂಡುಗಳನ್ನು ಜೋಡಿಸುವ ಕ್ರಿಯೆ) ಅದು ಬೇಕೇ ಬೇಕು. ಪಕ್ಕದ ಸರಪಳಿಯ ತುದಿಯಲ್ಲಿ ಡಬಲ್ ಬಾಂಡ್. ಜೊತೆಗೆ ಒಂದು ಮೀಥೈಲ್ ಎಸ್ಟರ್, ಅದಕ್ಕೆ ಆರ್ಥೋದಲ್ಲೇ, ಅಂದರೆ ರಿಂಗ್‌ನ ಪಕ್ಕದ ಸ್ಥಾನದಲ್ಲೇ, ಒಂದು ಮೆಥಾಕ್ಸಿ (OCH3).

ಬೆಂಜೈಲ್ ಅಂದ ತಕ್ಷಣ ಎಲ್ಲರ ಕೈ ಹೋಗುವುದು ಪೆಲೇಡಿಯಂ ಕಾರ್ಬನ್ ಎಂಬ ವೇಗವರ್ಧಕ ಮತ್ತು ಹೈಡ್ರೋಜನ್ ಬಲೂನಿನ ಕಡೆಗೆ. ಇಲ್ಲಿ ಅದು ನಡೆಯುವುದಿಲ್ಲ. ಬೆಂಜೈಲ್ ಕಳಚುವ ಮೊದಲೇ ಡಬಲ್ ಬಾಂಡ್ ಹೈಡ್ರೋಜನ್ ಹಿಡಿದುಬಿಡುತ್ತದೆ, ಬ್ರೋಮಿನ್‌ಗೂ ಉಳಿಗಾಲವಿಲ್ಲ. 1995ರಲ್ಲಿ ಜಪಾನಿನ ರಸಾಯನವಿಜ್ಞಾನಿ ಸಾಜಿಕಿ ತೋರಿಸಿದಂತೆ, ಸ್ವಲ್ಪ ಅಮೋನಿಯ ಅಥವಾ ಪಿರಿಡಿನ್ ಸೇರಿಸಿದರೆ ಪೆಲೇಡಿಯಂನ ಜೋರು ಇಳಿಯುತ್ತದೆ. ಆದರೆ ಆಗ ಉಳಿಯುವುದು ಬೆಂಜೈಲ್ ಈಥರ್! ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಹಾಗಾಗಿ ಹೈಡ್ರೋಜನ್ ಇಲ್ಲದೆಯೇ ಬೆಂಜೈಲ್ ಕಳಚುವ ಬೋರಾನ್ ಟ್ರೈಕ್ಲೋರೈಡ್ ಹಿಡಿದೆವು. ಡೈಕ್ಲೋರೋಮೀಥೇನ್‌ನಲ್ಲಿ, ಮೈನಸ್ 78 ಡಿಗ್ರಿಯಲ್ಲಿ, ಪೆಂಟಾಮೀಥೈಲ್‌ಬೆಂಜೀನ್ ಜೊತೆ. ಒಕಾನೊ, ಫುಕುಯಾಮಾ, ಟೊಕುಯಾಮಾ ಇವರ ತಂಡ 2008ರಲ್ಲಿ ಪ್ರಕಟಿಸಿದ ದಾರಿ ಇದು. ಕಳಚಿಕೊಂಡ ಬೆಂಜೈಲ್ ಕ್ಯಾಟಯಾನ್ (ಧನ ವಿದ್ಯುದಂಶದ ತುಣುಕು) ಸುಮ್ನೆ ಕೂರುವುದಿಲ್ಲ, ಈಗಷ್ಟೇ ಬಿಡುಗಡೆಯಾದ ಫೀನಾಲ್‌ನ ರಿಂಗ್‌ಗೇ ಅಂಟಿಕೊಳ್ಳುತ್ತದೆ. ಅದನ್ನು ಮೊದಲೇ ಹಿಡಿಯುವುದು ಪೆಂಟಾಮೀಥೈಲ್‌ಬೆಂಜೀನ್‌ನ ಕೆಲಸ. ಥಯೋಅನಿಸೋಲ್ ಕೂಡ ಕ್ಯಾಟಯಾನ್ ಹಿಡಿಯುತ್ತದೆ, ನಿಜ. ಆದರೆ ಅದರ ಗಂಧಕ ಬೋರಾನ್‌ನ್ನೂ ಹಿಡಿದುಕೊಳ್ಳುತ್ತದೆ. ಪೆಂಟಾಮೀಥೈಲ್‌ಬೆಂಜೀನ್‌ಗೆ ಆ ಗೋಜಿಲ್ಲ. ನನಗೆ ಈ ವಿಧಾನದಲ್ಲಿ ತುಂಬ ಹಿಡಿಸಿದ್ದು ಈ ಆಯ್ಕೆಯೇ.

ಅಣು ನಮ್ಮ ಹತ್ತಿರ ಇರುವುದೇ ಕಮ್ಮಿ. ಅದನ್ನು ನೇರ ಫ್ಲಾಸ್ಕಿಗೆ ಹಾಕುವ ಬದಲು, 2013ರಲ್ಲಿ ಮ್ಯೂನ್‌ಸ್ಟರ್‌ನ ಕಾಲಿನ್ಸ್ ಮತ್ತು ಗ್ಲೋರಿಯಸ್ ಹೇಳಿದ ಪರೀಕ್ಷೆ ಮಾಡುತ್ತಿದ್ದೇವೆ. ಸುಲಭವಾಗಿ ಸಿಗುವ ಒಂದು ಬೆಂಜೈಲ್ ಈಥರ್ ತಗೊಂಡು, ಪ್ರತಿ ವಯಲ್‌ಗೂ ಬೇರೆ ಬೇರೆ ಫಂಕ್ಷನಲ್ ಗ್ರೂಪ್ ಇರುವ ಒಂದೊಂದು ಅಡಿಟಿವ್ ಸಮಪ್ರಮಾಣದಲ್ಲಿ ಸೇರಿಸುವುದು. ಕೊನೆಗೆ ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಮಿಶ್ರಣದಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವ ಉಪಕರಣ) ಎರಡು ವಿಷಯ ನೋಡುವುದು: ಅಡಿಟಿವ್ ಎಷ್ಟು ಉಳಿಯಿತು, ಪ್ರಾಡಕ್ಟ್ ಎಷ್ಟು ಬಂತು. ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದರೆ ಅಳತೆಗೆ ಹೋಲಿಸಿ ನೋಡಲು, ಹೆಕ್ಸಾಡೆಕೇನ್ ಹಾಕಿದ್ದೇವೆ. ಮೆಸಿಟಿಲೀನ್ ಹಾಕುವ ಹಾಗಿಲ್ಲ, ಅದೂ ಕ್ಯಾಟಯಾನ್‌ನ್ನು ಹಿಡಿಯುತ್ತದಲ್ವಾ!

ಬ್ರೋಮೋ ಅರೀನ್, ತುದಿಯ ಡಬಲ್ ಬಾಂಡ್, ಮೀಥೈಲ್ ಬೆಂಜೋಯೇಟ್ (ಎಸ್ಟರ್), ಅನಿಸೋಲ್ (ಮೆಥಾಕ್ಸಿ ಇರುವ ಬೆಂಜೀನ್) ಇವೆಲ್ಲ ಚೆನ್ನಾಗಿ ಉಳಿದವು. ಪ್ರಾಡಕ್ಟ್ ಕೂಡ ಸರಿಯಾಗಿ ಬಂತು. ಬೋಕ್ (ಅಮೀನ್ ಕಾಪಾಡಲು ಹಚ್ಚುವ ಗುಂಪು) ಹಚ್ಚಿದ ಅಮೀನ್ ಮಾತ್ರ ಬಹಳಷ್ಟು ಹಾಳಾಯಿತು. ನಮ್ಮ ಅಣುವಿನಲ್ಲಿ ಬೋಕ್ ಇಲ್ಲ, ಆದರೂ ಮುಂದೆ ಯಾರಿಗಾದರೂ ಬೇಕಾದೀತು ಅಂತ ಬರೆದಿಡುತ್ತಿದ್ದೇನೆ.

ಪಿರಿಡಿನ್ ಇದ್ದ ವಯಲ್ ಇವೆಲ್ಲಕ್ಕಿಂತ ಜಾಸ್ತಿ ಕಲಿಸಿತು. ಪಿರಿಡಿನ್‌ಗೆ ಏನೂ ಆಗಿರಲಿಲ್ಲ, ಆದರೆ ಬೆಂಜೈಲ್ ಈಥರ್ ಕೂಡ ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು. ಪಿರಿಡಿನ್‌ನ ಸಾರಜನಕ ಬೋರಾನ್‌ಗೆ ಗಂಟು ಬಿದ್ದಿತ್ತು. ಟ್ರೈಕ್ಲೋರೈಡ್ ಇನ್ನಷ್ಟು ಹಾಕಿದಾಗ ಕ್ರಿಯೆ ಮತ್ತೆ ಓಡಿತು. "ಈ ಗ್ರೂಪ್ ಉಳಿಯುತ್ತದೆಯೇ" ಅಂತ ಮಾತ್ರ ಕೇಳಿದರೆ ಪಿರಿಡಿನ್ ಪಾಸ್. "ಇದು ಇದ್ದರೂ ಕೆಲಸ ಆಗುತ್ತದೆಯೇ" ಅಂತ ಕೇಳಿದರೆ ಫೇಲ್. ಹೊಂದಾಣಿಕೆಯ ಪಟ್ಟಿಗಳಲ್ಲಿ ಈ ಎರಡೂ ಪ್ರಶ್ನೆಗೆ ಬೇರೆ ಬೇರೆ ಕಾಲಂ ಇರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಅನಿಸೋಲ್ ಉಳಿಯಿತು, ಎಸ್ಟರ್ ಉಳಿಯಿತು, ಆದರೆ ಅವು ಬೇರೆ ಬೇರೆ ವಯಲ್‌ಗಳಲ್ಲಿದ್ದವು. ನಮ್ಮ ಅಣುವಿನಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. ಕಾರ್ಬೊನಿಲ್ ಪಕ್ಕದ ಮೆಥಾಕ್ಸಿಯನ್ನು ಬೋರಾನ್ ಟ್ರೈಕ್ಲೋರೈಡ್ ಎರಡೂ ಆಕ್ಸಿಜನ್ ಕಡೆಯಿಂದ ಹಿಡಿದು ಮೀಥೈಲ್ ಕಳಚಬಲ್ಲದು. ಅದಕ್ಕೇ ಮೀಥೈಲ್ 2-ಮೆಥಾಕ್ಸಿಬೆಂಜೋಯೇಟ್ ತಗೊಂಡು ಬೇರೆಯಾಗಿ ನೋಡಿದೆವು. ಸೊನ್ನೆ ಡಿಗ್ರಿಗೆ ಏರಲು ಬಿಟ್ಟ ವಯಲ್‌ನ ವರ್ಕಪ್ ಮಾಡುವಾಗ ನೋವಿನ ಮುಲಾಮಿನ ವಾಸನೆ ಗಮ್ಮೆಂದು ಬಂತು. ಮೀಥೈಲ್ ಸ್ಯಾಲಿಸಿಲೇಟ್! ಅಂದರೆ ಮೆಥಾಕ್ಸಿಯ ಮೀಥೈಲ್ ಕಳಚಿ ಫೀನಾಲ್ ಆಗಿತ್ತು. ಟಿಎಲ್‌ಸಿ ಪ್ಲೇಟಿಗೆ (ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಹಲಗೆ) ಫೀನಾಲ್ ಪತ್ತೆಹಚ್ಚುವ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಚುಕ್ಕೆ. ಮೈನಸ್ 78ರಲ್ಲೇ ಇಟ್ಟು ಬೇಗ ನಿಲ್ಲಿಸಿದ ವಯಲ್‌ನಲ್ಲಿ ಆ ಚುಕ್ಕೆ ತೀರಾ ಮಸುಕು.

ಮುಂದಿನ ವಾರ ನಿಜವಾದ ಅಣುವಿನ ಸರದಿ, ಕೆಲವೇ ಮಿಲಿಗ್ರಾಂ. ಮೆಥನಾಲ್ ಹಾಕಿ ನಿಲ್ಲಿಸುವ ತನಕ ಫ್ಲಾಸ್ಕ್ ಡ್ರೈ ಐಸ್ ಅಸಿಟೋನ್ ಬಾತ್‌ನಿಂದ ಹೊರಗೆ ಬರುವುದಿಲ್ಲ. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಮೊದಲು ನೋಡುವುದು 3.9 ಪಿಪಿಎಂ ಹತ್ತಿರದ ಮೆಥಾಕ್ಸಿ ಪೀಕ್‌ಗಳನ್ನು.