ಹೆಡ್‌ಫೋನ್ ಹಾಕಿಕೊಂಡವರು ಕೈ ಎತ್ತಬೇಕು

"ಎಡಿಟ್‌ನಲ್ಲಿ ನೋಡ್ಕೊಳ್ಳೋಣ ಬಿಡ್ರಿ." ನಮ್ಮ ಕೆಲಸದಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಚಿತ್ರ ಸ್ವಲ್ಪ ಕತ್ತಲಾಗಿದ್ದರೆ ಎತ್ತಬಹುದು. ಬಣ್ಣ ಸರಿ ಮಾಡಬಹುದು. ಫ್ರೇಮ್ ವಾರೆಯಾಗಿದ್ದರೆ ತಿರುಗಿಸಬಹುದು. ಮಾತಿನ ಮೇಲೆ ಇನ್ನೊಂದು ಸದ್ದು ಕೂತುಬಿಟ್ಟರೆ ಬಿಡಿಸೋದು ಬಹಳ ಕಷ್ಟ. ಈಗ ಸದ್ದು ತೆಗೆಯುವ ಒಳ್ಳೊಳ್ಳೆ ಸಾಫ್ಟ್‌ವೇರ್ ಬಂದಿವೆ, ನಿಜ. ಆದರೆ ಜಾಸ್ತಿ ಎಳೆದರೆ ಮನುಷ್ಯರ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತೆ.

ನಾನು ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಮದುವೆ, ಕಾಲೇಜಿನ ಪ್ರೋಮೋ, ಆಗೀಗ ಯಾವುದಾದರೂ ಸಂಸ್ಥೆಯ ಡಾಕ್ಯುಮೆಂಟರಿ. ಸೌಂಡ್ ನನ್ನ ಪಾಲಿಗೆ. ಈ ಕೆಲಸಕ್ಕೆ ಬೇಕಾದ ಕಿವಿ ನನಗೆ ಸ್ಟುಡಿಯೋದಲ್ಲಿ ಬಂದದ್ದಲ್ಲ. ಓದುವಾಗ ಗೆಳೆಯರೆಲ್ಲ ಸೇರಿ ಮಾಡಿದ ಒಂದು ಕಿರುಚಿತ್ರದಲ್ಲಿ ಬಂದದ್ದು. ಮೊನ್ನೆ ಏಪ್ರಿಲ್‌ನಲ್ಲಿ ನಡೆದ ಶೂಟ್ ಅದನ್ನು ಮತ್ತೆ ನೆನಪಿಸಿತು. ಇನ್ನೂ ಮನಸ್ಸಿನಿಂದ ಹೋಗಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಒಂದಿತ್ತಲ್ಲ, ಆ ಕಾಲದ ಹತ್ತಿ ಗಿರಣಿಯೊಂದರಲ್ಲಿ ದುಡಿದ ಹಿರಿಯರೊಬ್ಬರ ಸಂದರ್ಶನ ಅದು. ಹಳೇ ಮನೆ, ನಡುಮನೆಯಲ್ಲಿ ಕುರ್ಚಿ. ಅಜ್ಜಾರು ಬಿಳಿ ಅಂಗಿ ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು. ಕ್ಯಾಮೆರಾ ಎರಡು, ಪ್ಯಾನೆಲ್ ಲೈಟ್, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಅಂದರೆ ಲೇಪಲ್ ಒಂದು, ಮೇಲಿಂದ ಉದ್ದ ಕೋಲಿನ ತುದಿಯ ಮೈಕ್, ಅಂದರೆ ಬೂಮ್. ಸಂಜೆ ಅದೇ ಟೀಮ್‌ಗೆ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ ಬುಕ್ ಆಗಿತ್ತು. ಒಂದೇ ದಿನ ಎರಡು ಕೆಲಸ ಹಾಕೋದು ನಮ್ಮ ಮ್ಯಾನೇಜರ್ ಅಭ್ಯಾಸ. ಪ್ರತಿ ಸಲ ಅದರ ಬೆಲೆ ತೆರೋದು ಸೌಂಡ್.

ಹೆಡ್‌ಫೋನ್ ಹಾಕಿದೆ. ಫ್ಯಾನ್ ಸದ್ದು ಇತ್ತು, ಅದು ನಿರೀಕ್ಷಿಸಿದ್ದೇ. ಆರಿಸಿದೆವು. ಆ ಸೆಕೆಯಲ್ಲಿ ಫ್ಯಾನ್ ಆರಿಸಿ ಅನ್ನೋದಕ್ಕೂ ಗಟ್ಟಿ ಮನಸ್ಸು ಬೇಕು. ಫ್ಯಾನ್ ನಿಂತ ಮೇಲೆ ಅದರ ಕೆಳಗೆ ಅಡಗಿದ್ದ ಇನ್ನೊಂದು ಸದ್ದು ಮೇಲೆ ಬಂತು. ಒಂದೇ ಸಮ, ಗುಂಯ್ ಅಂತ. ಫ್ರಿಜ್ ಇರಬೇಕು ಅಂದುಕೊಂಡೆ. ಅಡುಗೆಮನೆಗೆ ಹೋಗಿ ಫ್ರಿಜ್ ಆರಿಸಿ, ನನ್ನ ಬೈಕ್ ಕೀಲಿ ಅದರೊಳಗೆ, ಹಾಲಿನ ಪ್ಯಾಕೆಟ್ ಪಕ್ಕ ಇಟ್ಟು ಬಂದೆ. ಸೌಂಡ್‌ನವರು ಬಹಳ ಜನ ಹೀಗೆ ಮಾಡುತ್ತಾರೆ. ಕೀಲಿ ಫ್ರಿಜ್‌ನಲ್ಲಿದ್ದರೆ ಅದನ್ನು ಮತ್ತೆ ಹಾಕದೆ ಮನೆಗೆ ಹೋಗೋಕೆ ಆಗಲ್ಲ. ಕಂಡವರ ಮನೆಯ ಹಾಲು ಕೆಡಿಸುವ ಹಕ್ಕು ನಮಗಿಲ್ಲ.

ಸದ್ದು ಹೋಗಲಿಲ್ಲ. ಲೇಪಲ್ ಕೇಬಲ್ ಮೇಲೆ ಅನುಮಾನ ಬಂತು. ಬದಲಾಯಿಸಿದೆ. ಬ್ಯಾಟರಿ ಬದಲಾಯಿಸಿದೆ. ರೆಕಾರ್ಡರ್‌ನ ಇನ್‌ಪುಟ್ ಬದಲಾಯಿಸಿದೆ. ಈ ಹೊತ್ತಿಗೆ ಅಜ್ಜಾರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮ್ಯಾನೇಜರ್ ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಬಂತು ಆ ಮಾತು: "ಸಣ್ಣ ಸದ್ದು ಕಣ್ರಿ, ಎಡಿಟ್‌ನಲ್ಲಿ ನೋಡ್ಕೊಳ್ಳೋಣ ಬಿಡ್ರಿ." ಕ್ಯಾಮೆರಾ ಹುಡುಗರೂ ನನ್ನ ಕಡೆಗೇ ನೋಡುತ್ತಿದ್ದರು. "ಯಾಕ್ ತಮ್ಮಾ, ಶುರು ಮಾಡಂಗಿಲ್ಲೇನು?" ಅಂತ ಅಜ್ಜಾರೂ ಕೇಳಿದರು. "ಐದು ನಿಮಿಷ ಅಜ್ಜಾರೆ, ನಿಮ್ಮ ಮಾತು ಒಂದಿಷ್ಟೂ ಹಾಳಾಗಬಾರದು, ಅದಕ್ಕೆ" ಅಂದೆ. ಅವರು ತಲೆಯಾಡಿಸಿ ಟವೆಲ್‌ನಿಂದ ಮುಖ ಒರೆಸಿಕೊಂಡರು.

ಅಲ್ಲಿಯವರೆಗೆ ನಾನು ಕಣ್ಣಿಗೆ ಕಾಣುವ ವಸ್ತುಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗಿದ್ದೆ. ಸದ್ದು ಹುಡುಕೋಕೆ ಕೈಯಲ್ಲಿ ಇರುವ ಸಾಧನ ಕಣ್ಣಲ್ಲ, ಮೈಕ್. ಬೂಮ್ ಕೈಗೆ ತಗೊಂಡು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ನೆಲದ ಮೇಲಿಟ್ಟು ನಿಧಾನಕ್ಕೆ ನಡೆದೆ. ಬಾಗಿಲ ಕಡೆ ತಿರುಗಿಸಿದರೆ ಸದ್ದು ಕಡಿಮೆ. ಗೋಡೆ ಕಡೆ ಜಾಸ್ತಿ. ಗೋಡೆ ಆಚೆ ಏನಿದೆ ಅಂತ ಹೋಗಿ ನೋಡಿದರೆ ಮೆಟ್ಟಿಲ ಕೆಳಗೆ ಇನ್ವರ್ಟರ್. ಬೆಳಗ್ಗೆ ಕರೆಂಟ್ ಹೋಗಿ ಬಂದಿತ್ತು, ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಯಾವ ಪೆಟ್ಟಿಗೆಯೂ ಹಾಗೆ ಗುಂಯ್ಗುಡುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಅದರ ಎರಡರಷ್ಟು ಅಂದರೆ 100 ಹರ್ಟ್ಸ್‌ನ ಸದ್ದು. ಗಂಡಸರ ದನಿಯ ತಳ ಇರೋದೂ ಅಲ್ಲೇ ಅಕ್ಕಪಕ್ಕ. ಅದನ್ನು ಕತ್ತರಿಸಿದರೆ ಅಜ್ಜಾರ ದನಿಯ ದಪ್ಪವೂ ಹೋಗುತ್ತೆ. ಮನೆಯವರನ್ನು ಕೇಳಿ ಇನ್ವರ್ಟರ್ ಪೂರ್ತಿ ಆರಿಸಿದೆವು. ನಮ್ಮ ಪ್ಯಾನೆಲ್ ಬ್ಯಾಟರಿಯದ್ದು, ತೊಂದರೆ ಆಗಲಿಲ್ಲ.

ಆಮೇಲೆ ಅಜ್ಜಾರು ಮಾತಾಡಿದರು. ಮಗ್ಗದ ಖಾತೆಯಲ್ಲಿ ಎಷ್ಟು ಸದ್ದಿರುತ್ತಿತ್ತು ಅಂದರೆ ಪಕ್ಕದವನ ತುಟಿ ನೋಡಿಯೇ ಮಾತು ತಿಳಿಯಬೇಕಿತ್ತಂತೆ. ಮನೆಗೆ ಬಂದರೂ ಗಟ್ಟಿಯಾಗಿ ಮಾತಾಡೋದು ತಪ್ಪುತ್ತಿರಲಿಲ್ಲವಂತೆ, "ಇದು ಗಿರಣಿ ಅಲ್ಲ, ಮನಿ" ಅಂತ ಅಜ್ಜಿ ಬೈಯುತ್ತಿದ್ದರಂತೆ. ಅದನ್ನೆಲ್ಲ ಜೋರು ದನಿಯಲ್ಲೇ ಹೇಳಿದರು. ಗಿರಣಿ ನಿಂತ ದಿನದ ವಿಷಯಕ್ಕೆ ಬಂದಾಗ ದನಿ ತೀರಾ ಕೆಳಗಿಳಿಯಿತು. ಲೇಪಲ್‌ಗೆ ಮಾತ್ರ ಕೇಳುವಷ್ಟು. ಆ ಗುಂಯ್ ಇದ್ದಿದ್ದರೆ ಆ ಎರಡು ನಿಮಿಷ ನಮಗೆ ಸಿಗುತ್ತಲೇ ಇರಲಿಲ್ಲ. ಡಾಕ್ಯುಮೆಂಟರಿಯಲ್ಲಿ ಉಳಿದದ್ದು ಮುಖ್ಯವಾಗಿ ಆ ಎರಡು ನಿಮಿಷವೇ.

ಈಗ ಕಿರುಚಿತ್ರದ ವಿಷಯ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅಪ್ಪ, ಕಾಲೇಜಿಗೆ ಹೋಗುವ ಮಗಳು, ಇಷ್ಟೇ ಕತೆ. ದಾವಣಗೆರೆಯಲ್ಲಿ ಬೆಳೆದವರಿಗೆ ಭಟ್ಟಿ ಹೊಸದೇನಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಅಂತ ಅರಳುವುದು, ಜರಡಿಯಲ್ಲಿ ಮರಳು ಇಳಿಯುವುದು, ಹೊಗೆ, ಬೆಂಕಿ. ನೋಡೋಕೆ ಅದ್ಭುತ. ಕ್ಯಾಮೆರಾ ಎಲ್ಲಿಟ್ಟರೂ ಫ್ರೇಮ್. ನಾವೆಲ್ಲ ಕ್ಯಾಮೆರಾ ಹಿಂದೆಯೇ ಗುಂಪು ಕಟ್ಟಿ ನಿಂತಿದ್ದೆವು. ಸೌಂಡ್ ಯಾರಿಗೂ ಬೇಡವಾಗಿತ್ತು, ನನ್ನ ಕೈಗೆ ಬಂತು.

ಭಟ್ಟಿಯಲ್ಲಿ ಮೊದಲು ಕಲಿತದ್ದು ಮೈಕ್ ಎಷ್ಟು ಒಳ್ಳೇದು ಅನ್ನೋದಕ್ಕಿಂತ ಎಷ್ಟು ಹತ್ತಿರ ಇದೆ ಅನ್ನೋದು ಮುಖ್ಯ ಅಂತ. ಬಾಯಿಗೂ ಮೈಕ್‌ಗೂ ನಡುವಿನ ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತೆ. ಹಿಂದಿನ ಗದ್ದಲ ಅಷ್ಟೇ ಇರುತ್ತೆ. ರೆಕಾರ್ಡರ್‌ನ ಗೇನ್, ಅಂದರೆ ಸದ್ದಿನ ಮಟ್ಟ ಏರಿಸುವ ಗುಂಡಿ, ತಿರುಗಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಏನೂ ಲಾಭವಿಲ್ಲ. ಹಾಗಾಗಿ ಬೂಮ್ ಫ್ರೇಮ್‌ನ ಅಂಚಿನವರೆಗೂ ಇಳಿಸಬೇಕು. ಕ್ಯಾಮೆರಾ ಗೆಳೆಯ "ಮೈಕ್ ಕಾಣ್ತಿದೆ" ಅಂತ ಕೂಗುವವರೆಗೆ ಇಳಿಸಿ, ಅಲ್ಲಿಂದ ಒಂದು ಗೇಣು ಎತ್ತೋದು. ಈಗಲೂ ಹಾಗೇ ಮಾಡುತ್ತೇನೆ. ಹೊಸಬರು ಬೂಮ್ ಹಿಡಿದರೆ ತೋಳು ನೋವಿಗೆ ನಿಧಾನಕ್ಕೆ ಮೇಲಕ್ಕೆ ಹೋಗುತ್ತೆ, ಅವರಿಗೇ ಗೊತ್ತಾಗಲ್ಲ. ಅದಕ್ಕೆ ಟೇಕ್ ನಡುವೆ ಕೋಲು ಇಳಿಸಿ ಕೈ ಕೊಡವಿಕೊಳ್ಳಿ ಅಂತ ಹೇಳುತ್ತಲೇ ಇರುತ್ತೇನೆ.

ಎರಡನೇ ಪಾಠ ಚಿತ್ರದುರ್ಗದಲ್ಲಿ. ಅಪ್ಪ ಮಗಳು ಜಗಳ ಆಡುವ ಸೀನ್ ಕೋಟೆಯ ಮೇಲೆ ಆಗಬೇಕು ಅಂತ ನಮ್ಮ ಡೈರೆಕ್ಟರ್ ಹಟ. ಕೋಟೆ ಭಾರತೀಯ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಹಾಗೆ ಟ್ರೈಪಾಡ್ ಎತ್ತಿಕೊಂಡು ಹೋಗಿ ಕತೆಯ ಚಿತ್ರ ತೆಗೆಯೋಕೆ ಬರಲ್ಲ, ಮೊದಲೇ ಅರ್ಜಿ ಹಾಕಿ ಅನುಮತಿ ತಗೋಬೇಕು. ನಮ್ಮ ಕೈಯಲ್ಲಿ ಅಷ್ಟು ಸಮಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಗೆಳೆಯನ ಶೇಂಗಾ ಹೊಲಕ್ಕೆ ಸೀನ್ ಬದಲಾಯಿಸಿದೆವು. ದೂರದ ಗುಡ್ಡದ ಮೇಲೆ ಸಾಲಾಗಿ ಗಾಳಿ ಗಿರಣಿಗಳು. ಅವು ಅಲ್ಲಿ ಯಾಕೆ ನಿಂತಿವೆ ಅಂತ ನಾವು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು.

ಆಷಾಢದ ಗಾಳಿ ಅದು. ದುರ್ಗದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಗಾಳಿ ಗೊತ್ತಲ್ಲ, ಮಾತಾಡೋಕೆ ಬಾಯಿ ತೆರೆದರೆ ಬಾಯೊಳಗೇ ಬರುತ್ತೆ. ಮೈಕ್‌ಗೆ ಫೋಮ್ ಹಾಕಿದ್ದೆವು. ಹೆಡ್‌ಫೋನ್‌ನಲ್ಲಿ ಬರೀ ಧಡಧಡ. ಅದು ಗಾಳಿಯ ಸದ್ದೂ ಅಲ್ಲ, ಗಾಳಿ ಮೈಕ್ ಒಳಗಿನ ತೆಳು ಪೊರೆಯನ್ನೇ ತಳ್ಳಾಡುವ ಹೊಡೆತ. ಅದನ್ನು ತಡೆಯೋಕೆ ಗಾಳಿಯ ವೇಗವನ್ನು ಮೈಕ್‌ಗೆ ಮುಟ್ಟುವ ಮೊದಲೇ ಮುರಿಯಬೇಕು. ಮೈಕ್‌ಗೆ ತೊಡಿಸುವ ತುಪ್ಪಳದ ಕವಚಕ್ಕೆ ಡೆಡ್‌ಕ್ಯಾಟ್ ಅಂತಾರೆ, ಅದರ ಉದ್ದ ಕೂದಲು ಮಾಡೋದು ಅದೇ ಕೆಲಸ. ಕೊಳ್ಳೋಕೆ ದುಡ್ಡಿರಲಿಲ್ಲ. ಗೆಳತಿಯೊಬ್ಬಳು ತುಪ್ಪಳದ ಬಟ್ಟೆ ತಂದು, ಚೀಲದ ಹಾಗೆ ಹೊಲಿದು, ಬಾಯಿಗೆ ಲಾಡಿ ಕಟ್ಟಿ ಕೊಟ್ಟಳು. ಧಡಧಡ ಬಹಳ ಇಳಿಯಿತು, ಪೂರ್ತಿ ಹೋಗಲಿಲ್ಲ.

ಆಗ ಸೀನ್ ಮುಗಿದ ಕೂಡಲೇ, ಆ ಜಗಳದ ಬಿಸಿ ಇನ್ನೂ ಆರದಿರುವಾಗಲೇ, ಇಬ್ಬರನ್ನೂ ಓಮ್ನಿಯೊಳಗೆ ಕೂರಿಸಿ ಗಾಜು ಏರಿಸಿ ಅದೇ ಸಂಭಾಷಣೆಯನ್ನು ಮತ್ತೆ ಹೇಳಿಸಿದೆವು. ನಿಂತ ಕಾರು ಒಳ್ಳೇ ಸ್ಟುಡಿಯೋ. ಸೀಟು, ಮೇಲಿನ ಬಟ್ಟೆ ಎಲ್ಲ ಸೇರಿ ಪ್ರತಿಧ್ವನಿ ನುಂಗುತ್ತವೆ. ಹೀಗೆ ಕ್ಯಾಮೆರಾ ಇಲ್ಲದೆ ಮಾತು ಮಾತ್ರ ರೆಕಾರ್ಡ್ ಮಾಡೋದಕ್ಕೆ ವೈಲ್ಡ್ ಟ್ರ್ಯಾಕ್ ಅಂತಾರೆ ಅಂತ ಪುಸ್ತಕದಲ್ಲಿ ಓದಿದ್ದೆ, ಅದರ ಬೆಲೆ ತಿಳಿದದ್ದು ಆ ಶೇಂಗಾ ಹೊಲದಲ್ಲಿ. ತಿಂಗಳ ಮೇಲೆ ಡಬ್ಬಿಂಗ್‌ಗೆ ಕರೆದರೆ ನಟರಿಗೆ ಮಾತು ನೆನಪಿರುತ್ತೆ, ಉಸಿರು ನೆನಪಿರಲ್ಲ.

ಮೂರನೆಯದು ಇನ್ನೂ ಚುಚ್ಚುತ್ತೆ. ಎಡಿಟ್ ಮುಗಿಸಿ, ಲ್ಯಾಪ್‌ಟಾಪ್‌ನಲ್ಲೇ ನೋಡಿ ನೋಡಿ ಫೈನಲ್ ಮಾಡಿದೆವು. ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ಸ್ಪೀಕರ್‌ನಲ್ಲಿ ಹಾಕಿದಾಗ ಮನೆಯೊಳಗಿನ ಸೀನ್‌ಗಳಲ್ಲಿ ತುಂಬ ದಪ್ಪ ಗುಂಯ್. ಮಗಳು ಅಪ್ಪನಿಗೆ ಮೆಲ್ಲಗೆ ಹೇಳುವ ಒಂದು ಮಾತು, ಇಡೀ ಚಿತ್ರ ಅದರ ಮೇಲೆ ನಿಂತಿತ್ತು, ಹಿಂದಿನ ಸಾಲಿನವರಿಗೆ ಕೇಳಲೇ ಇಲ್ಲ. ಪಾತ್ರ ಮಾಡಿದ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ಎಷ್ಟು ಕಷ್ಟಪಟ್ಟು ಆ ಮಾತನ್ನು ಹೇಳಿದ್ದಳು ಅಂತ ನನಗೆ ಗೊತ್ತಿತ್ತು, ಬೂಮ್ ಹಿಡಿದು ಎದುರಿಗೇ ನಿಂತಿದ್ದೆನಲ್ಲ. ಲ್ಯಾಪ್‌ಟಾಪ್, ಮೊಬೈಲ್‌ನ ಸಣ್ಣ ಸ್ಪೀಕರ್‌ಗಳು ಅಷ್ಟು ಕೆಳಗಿನ ಸದ್ದನ್ನು ನುಡಿಸೋದೇ ಇಲ್ಲ. ನುಡಿಸದ ಸದ್ದು ಇಲ್ಲದ ಸದ್ದಲ್ಲ.

ಈಗಲೂ ನಮ್ಮಲ್ಲಿ ಅಪ್ರೂವಲ್ ಆಗೋದು ಮೊಬೈಲ್‌ನಲ್ಲೇ. ವಾಟ್ಸಾಪ್‌ನಲ್ಲಿ ಫೈಲ್ ಹೋಗುತ್ತೆ, ಮ್ಯಾನೇಜರ್ ಜಗಲಿಯಲ್ಲಿ ನಿಂತು ನೋಡುತ್ತಾರೆ, "ಓಕೆ" ಬರುತ್ತೆ. ಅದೇ ಫೈಲ್ ಸಮಾರಂಭದ ದಿನ ಸಾವಿರ ಜನರ ಮುಂದೆ ಪಿಎ ಸಿಸ್ಟಮ್‌ನಲ್ಲಿ ಓಡುತ್ತೆ. ಆಗ ಎಲ್ಲರೂ ಸೌಂಡ್‌ನವರ ಮುಖ ನೋಡುತ್ತಾರೆ. ಒಂದು ಜೊತೆ ಒಳ್ಳೇ ಮಾನಿಟರ್ ಸ್ಪೀಕರ್ ಕೊಡಿಸಿ ಅಂತ ಕೇಳುತ್ತಲೇ ಇದ್ದೇನೆ. ಲೆನ್ಸ್‌ಗೆ ದುಡ್ಡು ಬಂದಷ್ಟು ಸುಲಭವಾಗಿ ಇದಕ್ಕೆ ಬರಲ್ಲ.

ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿ ಕೇಳುವ ಸದ್ದಿನ ರೆಕಾರ್ಡಿಂಗ್, ಅದರ ವಿಷಯದಲ್ಲೂ ಇದೇ ತಾಪತ್ರಯ. ಸೀನ್ ಮುಗಿದ ಮೇಲೆ ಯಾರೂ ಅಲುಗಾಡದೆ, ಅದೇ ಜಾಗದಲ್ಲಿ, ಅದೇ ಜನ ಇದ್ದು ಒಂದು ನಿಮಿಷ ಸುಮ್ನೆ ನಿಲ್ಲಬೇಕು. ಪ್ರತಿ ಕೋಣೆಯ ಮೌನ ಬೇರೆ. ಎಡಿಟ್‌ನಲ್ಲಿ ಮಾತು ಕತ್ತರಿಸಿದ ಕಡೆ ಬರುವ ಸಂದಿಗೆ ಅದೇ ಕೋಣೆಯ ಮೌನ ತುಂಬಿದರೆ ಮಾತ್ರ ಕಿವಿ ಎಡವಲ್ಲ. ಕಿರುಚಿತ್ರದಲ್ಲಿ ಡೈರೆಕ್ಟರ್ ತಾನೇ ಮುಂದೆ ನಿಂತು ಎಲ್ಲರನ್ನೂ ನಿಲ್ಲಿಸುತ್ತಿದ್ದ. ಸ್ಟುಡಿಯೋ ಕೆಲಸದಲ್ಲಿ ಕಟ್ ಅಂದ ಮರುಕ್ಷಣ ಸ್ಟ್ಯಾಂಡ್ ಮಡಚುವ ಸದ್ದು ಶುರು. ಅಜ್ಜಾರ ಮನೆಯಲ್ಲಿ ಮಾತ್ರ ಅಜ್ಜಾರೇ ಬೆರಳು ತುಟಿಗಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು.

ಕಿರುಚಿತ್ರದಲ್ಲಿ ಬೇರೆಯೂ ಕಲಿತೆವು. ಊಟ ತಡವಾದರೆ ಟೀಮ್ ಒಡೆಯುತ್ತೆ. ಚಿತ್ರಕ್ಕೂ ಸದ್ದಿಗೂ ತಾಳೆ ಹಾಕೋಕೆ ಕ್ಲ್ಯಾಪ್ ಹೊಡೆಯದಿದ್ದರೆ ಎಡಿಟರ್ ಸಾಯುತ್ತಾನೆ, ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸೆಕೆಂಡಿನ 25ನೇ ಒಂದು ಪಾಲು, ತುಟಿ ಎರಡು ಮೂರು ಫ್ರೇಮ್ ತಪ್ಪಿದರೂ ಕಣ್ಣು ಹಿಡಿಯುತ್ತೆ. ಕಾರ್ಡ್ ಎರಡು ಕಡೆ ಕಾಪಿ ಆಗದೆ ಫಾರ್ಮ್ಯಾಟ್ ಮಾಡಬಾರದು. ಇವೆಲ್ಲ ಯಾರಾದರೂ ಹೇಳಿಕೊಡುತ್ತಾರೆ.

ಯಾರೂ ಹೇಳಿಕೊಡದ್ದು ಕೈ ಎತ್ತೋದು. ಸೆಟ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡವರು ಒಬ್ಬರೇ. ಅವರಿಗೆ ಕೇಳಿದ್ದು ಇನ್ಯಾರಿಗೂ ಕೇಳಿಸಿರಲ್ಲ. ಬೆಳಕು ಇಳಿಯುತ್ತಿರುತ್ತೆ, ನಟರು ಚೆನ್ನಾಗಿ ಮಾಡಿರುತ್ತಾರೆ, ಎಲ್ಲರ ಮುಖದಲ್ಲೂ ಖುಷಿ ಇರುತ್ತೆ. ಆಗ "ಸಾರಿ, ಬೈಕ್ ಹೋಯ್ತು, ಇನ್ನೊಂದ್ಸಲ" ಅನ್ನಬೇಕು. ಭಟ್ಟಿಯಲ್ಲಿ ಮೊದಮೊದಲು ನನಗೆ ಬಾಯಿ ಬರುತ್ತಿರಲಿಲ್ಲ. ಶೂಟ್ ಮುಗಿಯುವ ಹೊತ್ತಿಗೆ ಬರುತ್ತಿತ್ತು. ಗೆಳೆಯರ ನಡುವೆ, ಸಂಬಳದ ಭಯ ಇಲ್ಲದ ಕಡೆ ಆ ಅಭ್ಯಾಸ ಆದದ್ದಕ್ಕೇ ಈಗ ಸಂಬಳ ಕೊಡುವವರ ಎದುರೂ ಕೈ ಮೇಲೇಳುತ್ತೆ. ಸ್ಟುಡಿಯೋಗೆ ಬರುವ ಹೊಸ ಹುಡುಗ ಹುಡುಗಿಯರಿಗೆ ಅದಕ್ಕೇ ಹೇಳುತ್ತೇನೆ, ಸಾಲ ಮಾಡಿ ಕ್ಯಾಮೆರಾ ತಗೋಬೇಡಿ, ನಾಲ್ಕು ಜನ ಸೇರಿ ಒಂದು ಸಣ್ಣ ಚಿತ್ರ ಮಾಡಿ, ಅದರಲ್ಲಿ ಒಂದು ಸಲವಾದರೂ ಬೂಮ್ ನೀವೇ ಹಿಡೀರಿ.

ಅಜ್ಜಾರ ಶೂಟ್ ಆದ ಮೇಲೆ ಕಾಲ್ ಶೀಟ್‌ನಲ್ಲಿ, ಅಂದರೆ ಶೂಟಿಂಗ್ ದಿನದ ವೇಳಾಪಟ್ಟಿಯಲ್ಲಿ, ಸೌಂಡ್ ಚೆಕ್‌ಗೆ ಅಂತ 20 ನಿಮಿಷ ಬರೆದುಕೊಟ್ಟೆ. ಅದು 10 ಆಗಿ ವಾಪಸ್ ಬಂತು. ಮುಂದಿನ ವಾರ ಹರಿಹರದಲ್ಲಿ ಸಂದರ್ಶನ ಇದೆ. ಮತ್ತೆ 20 ಅಂತ ಬರೆದು ಕಳಿಸಿದ್ದೇನೆ, ಜೊತೆಗೆ ಅಜ್ಜಾರ ಮಾತಿನ ಆ ಎರಡು ನಿಮಿಷದ ಆಡಿಯೋ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ ಸಾರ್ ಅಂತ ಕೆಳಗೆ ಬರೆದಿದ್ದೇನೆ.