ಮೊದಲ ಸ್ಟೀಮ್‌ಪಂಕ್ ವೇಷ: ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಪಾತ್ರಗಳ ವೇಷದಲ್ಲಿ ಸೇರುವ ಮೇಳಕ್ಕೆ, ಸ್ಟೀಮ್‌ಪಂಕ್ ವೇಷದಲ್ಲಿ ಹೋದಾಗಲೆಲ್ಲ ಒಂದಿಬ್ಬರಾದರೂ ಹತ್ತಿರ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ‘ನಮಗೂ ಮಾಡಬೇಕೆಂಬ ಆಸೆಯಿದೆ. ಹೊಲಿಗೆ ಬಾರದು, ಉಪಕರಣಗಳಿಲ್ಲ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಏನೇನು ಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು?’ ಆ ಗದ್ದಲದಲ್ಲಿ ಎರಡು ಮಾತು ಹೇಳಿ ಕಳುಹಿಸಿದರೆ ನನಗೆ ಸಮಾಧಾನವಾಗುವುದಿಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಮೊದಲ ವಾರ ಏನನ್ನೂ ಕೊಳ್ಳಬೇಡಿ. ಆ ವೇಷದೊಳಗಿನ ಮನುಷ್ಯ ಯಾರು, ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತಾನೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಸ್ಟೀಮ್‌ಪಂಕ್ ಎಂಬ ಪದ ಹುಟ್ಟಿದ್ದು 1987ರಲ್ಲಿ. ಅಮೆರಿಕದ ಕಥೆಗಾರ ಕೆ. ಡಬ್ಲ್ಯೂ. ಜೀಟರ್ ‘ಲೋಕಸ್’ ಪತ್ರಿಕೆಗೆ ಬರೆದ ಒಂದು ಪತ್ರದಲ್ಲಿ ಅದನ್ನು ಬಳಸಿದರು. ಉಗಿಯಂತ್ರಗಳ ಕಾಲ ಮುಗಿಯದೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಕಲ್ಪನೆ ಇದರ ಬೇರು. ಅದಕ್ಕೇ ಈ ವೇಷಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ ಉಡುಪು, ಹಿತ್ತಾಳೆ, ತಾಮ್ರ, ಚರ್ಮ, ಹಲ್ಲುಚಕ್ರಗಳೆಲ್ಲ ಕಾಣುತ್ತವೆ. ಇಷ್ಟನ್ನು ಕೇಳಿಸಿಕೊಂಡ ಹೊಸಬರು ನೇರವಾಗಿ ಒಂದು ಎತ್ತರದ ಟೋಪಿ, ಒಂದು ಪೊಟ್ಟಣ ಪ್ಲಾಸ್ಟಿಕ್ ಹಲ್ಲುಚಕ್ರ, ಒಂದು ಜೊತೆ ಗಾಗಲ್ಸ್ ತರಿಸಿಕೊಂಡು ಎಲ್ಲವನ್ನೂ ಟೋಪಿಗೆ ಅಂಟಿಸುತ್ತಾರೆ. ನಾನು ಶುರು ಮಾಡಿದ್ದೂ ಹಾಗೆಯೇ. ಟೋಪಿಯ ಮೇಲೆ ಹನ್ನೊಂದು ಚಕ್ರಗಳಿದ್ದವು. ಒಂದರ ಹಲ್ಲಿಗೂ ಇನ್ನೊಂದರ ಹಲ್ಲು ಕೂಡುತ್ತಿರಲಿಲ್ಲ. ದುಡ್ಡು ಹೋದದ್ದಕ್ಕಿಂತ ಆ ವೇಷದಲ್ಲಿ ನಿಂತಾಗ ನಾನು ಯಾರೂ ಆಗಿರಲಿಲ್ಲವಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿತು.

ಎರಡನೆಯ ಸಲ ಪಾತ್ರವನ್ನು ಹುಡುಕುತ್ತಾ ಕೋಲಾರದ ಚಿನ್ನದ ಗಣಿಯಿಂದ ಶುರು ಮಾಡಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಬಂದ ಮೇಲೆ ಗಣಿಗಾರಿಕೆ ದೊಡ್ಡದಾಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಗಣಿಗೆ ತಲುಪಿತು. ಅದಕ್ಕೆ ಮೊದಲು ಅಲ್ಲಿನ ಯಂತ್ರಗಳು ನಡೆಯುತ್ತಿದ್ದುದು ಉಗಿಯಿಂದ. ಹಾಗಿದ್ದರೆ, ಆ ವಿದ್ಯುತ್ತು ಬರಲೇ ಇಲ್ಲ ಎಂದುಕೊಳ್ಳೋಣ. ಗಣಿ ಇನ್ನೂ ಆಳಕ್ಕೆ ಇಳಿಯಿತು, ಉಗಿಯಂತ್ರಗಳು ಇನ್ನೂ ದೊಡ್ಡದಾದವು. ಗಣಿಬಾವಿಯೊಳಗೆ ಜನರನ್ನು ಇಳಿಸುವ, ಮೇಲೆತ್ತುವ ತೊಟ್ಟಿಲಿನ ಯಂತ್ರವನ್ನು ಒಬ್ಬ ಚಾಲಕ ನಡೆಸುತ್ತಾನೆ. ತೊಟ್ಟಿಲು ಅವನ ಕಣ್ಣಿಗೆ ಬೀಳುವುದಿಲ್ಲ. ಅದು ಎಷ್ಟು ಆಳದಲ್ಲಿದೆ ಎಂದು ಹೇಳುವ ಒಂದು ಮಾಪಕ, ಎತ್ತು, ಇಳಿಸು, ನಿಲ್ಲಿಸು ಎಂದು ಸೂಚಿಸುವ ಗಂಟೆಯ ಬಡಿತ, ಇವೆರಡನ್ನೇ ನಂಬಿ ಯಂತ್ರದ ಸನ್ನೆಕೋಲನ್ನು ಎಳೆಯುತ್ತಾನೆ. ಹತ್ತಾರು ಜೀವಗಳು ಅವನ ಕೈಯಲ್ಲಿ. ಆ ಮನುಷ್ಯ ಸಿಕ್ಕ ಕ್ಷಣವೇ ನನ್ನ ವೇಷದ ಮುಕ್ಕಾಲು ಪಾಲು ಮುಗಿದಂತಾಯಿತು. ಅವನಿಗೆ ಒಂದು ಆಳಮಾಪಕ ಬೇಕು, ಒಂದು ಗಂಟೆ ಬೇಕು, ಸನ್ನೆ ಹಿಡಿದು ಸವೆದ ಕೈಗವಸು ಬೇಕು. ಯಂತ್ರದ ಮನೆಯಲ್ಲಿ ಕೂರುವವನಿಗೆ ಗಾಗಲ್ಸ್ ಬೇಡ. ಗಾಗಲ್ಸ್ ಎಲ್ಲಿ ಎಂದು ಈಗಲೂ ಹಲವರು ಕೇಳುತ್ತಾರೆ. ನಿಮ್ಮ ಪಾತ್ರ ಕುಲುಮೆಗೆ ಕಲ್ಲಿದ್ದಲು ಎಸೆಯುವವನಾಗಿದ್ದರೆ, ಹಾರುವ ಹಡಗು ನಡೆಸುವವಳಾಗಿದ್ದರೆ ಖಂಡಿತ ಹಾಕಿಕೊಳ್ಳಿ. ವೆಲ್ಡಿಂಗ್ ಗಾಗಲ್ಸ್ ಒಳ್ಳೆಯ ಆಯ್ಕೆ, ಆದರೆ ಕಪ್ಪು ಗಾಜು ತೆಗೆದು ಪಾರದರ್ಶಕ ಹಾಳೆ ಕೂರಿಸಿ. ಇಲ್ಲದಿದ್ದರೆ ಮೆಟ್ಟಿಲೇ ಕಾಣುವುದಿಲ್ಲ.

ಇನ್ನು ಬಟ್ಟೆ. ವಿಕ್ಟೋರಿಯಾ ಕಾಲದ ಉಡುಪೆಂದರೆ ಲಂಡನ್ನಿನ ಉದ್ದ ಕೋಟು ಮಾತ್ರ ಎಂದು ಭಾವಿಸುವ ಕಾರಣವಿಲ್ಲ. ಆ ಕಾಲವನ್ನು ನಮ್ಮವರೂ ಬದುಕಿದ್ದರು. ಮೈಸೂರು ಸಂಸ್ಥಾನದ ಹಳೆಯ ಛಾಯಾಚಿತ್ರಗಳನ್ನು ನೋಡಿ: ಮುಚ್ಚುಕೋಟು, ಕಚ್ಚೆಪಂಚೆ, ತಲೆಗೆ ಪೇಟ, ಜೇಬಿನಿಂದ ಇಳಿಬಿದ್ದ ಗಡಿಯಾರದ ಸರಪಳಿ. ಇಂಥ ಉಡುಪು ಅಜ್ಜನ ಟ್ರಂಕಿನಲ್ಲಿ ಇರುವ ಮನೆಗಳು ಇನ್ನೂ ಇವೆ. ಇಂಗ್ಲಿಷ್ ಉಡುಪೇ ಇಷ್ಟವೆಂದರೆ ಅದೂ ಕಷ್ಟವಿಲ್ಲ. ಮದುವೆಗೆ ಒಮ್ಮೆ ಹಾಕಿ ಬಿಟ್ಟ ಸೂಟಿನ ವೇಸ್ಟ್‌ಕೋಟು, ಬಿಳಿ ಅಂಗಿ, ಕಪ್ಪು ಪ್ಯಾಂಟು ಸಾಕು. ಹೊಲಿಗೆ ಬಾರದವರು ಬಟ್ಟೆ ಹೊಲಿಯುವ ಗೋಜಿಗೇ ಹೋಗಬೇಡಿ.

ಬಟ್ಟೆಯ ಹೊಸತನವನ್ನು ಮಾತ್ರ ಕಳೆಯಬೇಕು. ಅದಕ್ಕೆ ಚಹಾಪುಡಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ ಸೋಸಿಕೊಳ್ಳಿ. ಅಂಗಿ ಮುಳುಗುವಷ್ಟು ಡಿಕಾಕ್ಷನ್ ಬೇಕು. ಮೊದಲೇ ನೀರಿನಲ್ಲಿ ನೆನೆಸಿ ಹಿಂಡಿದ ಅಂಗಿಯನ್ನು ಅದರಲ್ಲಿ ಅರ್ಧ ಗಂಟೆ ತಿರುವುತ್ತಿರಿ. ಒಣ ಬಟ್ಟೆಯನ್ನು ಹಾಗೆಯೇ ಅದ್ದಿದರೆ ಪಟ್ಟೆಪಟ್ಟೆಯಾಗಿ ಕಲೆ ಕೂರುತ್ತದೆ. ಹತ್ತಿ ಬಟ್ಟೆಯೇ ಆಗಿರಬೇಕು, ಪಾಲಿಯೆಸ್ಟರ್ ಬಣ್ಣ ಹಿಡಿಯುವುದಿಲ್ಲ. ಒದ್ದೆಯಲ್ಲಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಆದ್ದರಿಂದ ಮನಸ್ಸಿನಲ್ಲಿರುವುದಕ್ಕಿಂತ ಸ್ವಲ್ಪ ಗಾಢವಾಗಿಯೇ ತೆಗೆಯಿರಿ. ಆಮೇಲೆ ಕೊರಳಪಟ್ಟಿ, ಮೊಣಕೈ, ತೋಳಿನ ಅಂಚುಗಳನ್ನು ಮಾತ್ರ ಗಟ್ಟಿ ಡಿಕಾಕ್ಷನ್‌ನಲ್ಲಿ ಇನ್ನೊಮ್ಮೆ ಅದ್ದಿ. ನನ್ನ ಚಾಲಕ ಸನ್ನೆ ಎಳೆಯುವುದು ಬಲಗೈಯಿಂದ. ಹಾಗಾಗಿ ಅವನ ಬಲತೋಳು ಎಡತೋಳಿಗಿಂತ ಕಪ್ಪಾಗಿದೆ.

ಕೈಯಾರೆ ಮಾಡುವ ವಸ್ತು ಮೊದಲ ವೇಷಕ್ಕೆ ಒಂದೇ ಇರಲಿ, ಅದಕ್ಕೆ ಪೂರ್ತಿ ಸಮಯ ಕೊಡಿ. ನನ್ನದು ಮುಂಗೈಗೆ ಕಟ್ಟುವ ಆಳಮಾಪಕ. ಅದರ ಒಡಲು ಮೂರು ಇಂಚು ಅಗಲದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ. ಮುಳ್ಳು ಕೆಟ್ಟುಹೋದ ಗೋಡೆ ಗಡಿಯಾರದ್ದು. ಗಾಜಿನ ಜಾಗದಲ್ಲಿ ಸಿಹಿತಿಂಡಿ ಪೆಟ್ಟಿಗೆಯ ಪಾರದರ್ಶಕ ಮುಚ್ಚಳವನ್ನು ಗುಂಡಗೆ ಕತ್ತರಿಸಿ ಹಾಕಿದ್ದೇನೆ. ಒಳಗಿನ ಕಾಗದವನ್ನೂ ಚಹಾದಲ್ಲಿ ನೆನೆಸಿ, ಒಣಗಿಸಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸೊನ್ನೆಯಿಂದ ಐದು ಸಾವಿರ ಅಡಿಯವರೆಗೆ ಕನ್ನಡ ಅಂಕಿಗಳನ್ನು ಬರೆದೆ. ೩ ಮತ್ತು ೭ರ ತಿರುವು ಸರಿಬರುವವರೆಗೆ ನಾಲ್ಕು ಕಾಗದ ಹಾಳಾದವು. ಅದರ ಬಗ್ಗೆ ನನಗೆ ಬೇಸರವಿಲ್ಲ. ಜನ ಬಗ್ಗಿ ನೋಡುವುದು ಆ ಅಂಕಿಗಳನ್ನೇ.

ಮುಚ್ಚಳದ ಸುತ್ತಲಿನ ದಪ್ಪ ಅಂಚು ಐದು ಮಿಲಿಮೀಟರ್ ಇವಿಎ ಫೋಮ್‌ನದು. ಮಕ್ಕಳ ಆಟದ ಕೋಣೆಗೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಚಾಪೆಗಳು ಸಾಮಾನ್ಯವಾಗಿ ಇದೇ ವಸ್ತುವಿನವು. ಹೊಸ ಬ್ಲೇಡಿನಿಂದ, ನೇರವಾಗಿ ಹಿಡಿದು ಕತ್ತರಿಸಿ. ಮೊಂಡು ಬ್ಲೇಡು ಫೋಮನ್ನು ಹರಿಯುತ್ತದೆ. ಅಂಟಿಸಲು ಫೆವಿಕಾಲ್ ಎಸ್‌ಆರ್ 998ರಂಥ ರಬ್ಬರ್ ಅಂಟು ಬೇಕು. ಎರಡೂ ಕಡೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಆಮೇಲೆ ಸೇರಿಸಿದರೆ ಕಚ್ಚಿಕೊಂಡುಬಿಡುತ್ತದೆ, ಸರಿಪಡಿಸಲು ಎರಡನೆಯ ಅವಕಾಶವಿಲ್ಲ. ಈ ಅಂಟಿನ ವಾಸನೆ ತಲೆಗೇರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಖಂಡಿತ ಕೆಲಸ ಮಾಡಬೇಡಿ, ಮಹಡಿಯ ಮೇಲೆ ಹೋಗಿ.

ಈಗ ಬಣ್ಣ. ಫೋಮು ಹಿತ್ತಾಳೆಯಾಗುವುದು ಇಲ್ಲಿ. ಮೊದಲು ಬಿಳಿ ಫೆವಿಕಾಲಿಗೆ ನೀರು ಬೆರೆಸಿ ಮೂರು ಸಲ ಬಳಿಯಿರಿ, ಪ್ರತಿ ಸಲವೂ ಪೂರ್ತಿ ಒಣಗಬೇಕು. ಇಲ್ಲದಿದ್ದರೆ ಫೋಮು ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಅದರ ಮೇಲೆ ಕಪ್ಪು ಅಕ್ರಿಲಿಕ್. ಆಮೇಲೆ ಹಿತ್ತಾಳೆ ಬಣ್ಣದಲ್ಲಿ ಅದ್ದಿದ ಕುಂಚವನ್ನು ಹಳೆಯ ಪತ್ರಿಕೆಯ ಮೇಲೆ ಒರೆಸಿ, ಒರೆಸಿ, ಬಣ್ಣ ಉಳಿದೇ ಇಲ್ಲ ಎನಿಸಿದಾಗ ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿ. ಎಲ್ಲಿ ಹೊಳೆಯಬೇಕು, ಎಲ್ಲಿ ಮಸುಕಾಗಬೇಕು ಎಂಬುದು ಗೊತ್ತಾಗದಿದ್ದರೆ ಹಳೆಯ ದೇವಸ್ಥಾನವೊಂದರ ಹಿತ್ತಾಳೆ ಬಾಗಿಲನ್ನು ಹತ್ತಿರದಿಂದ ನೋಡಿ ಬನ್ನಿ. ಸಾವಿರ ಕೈಗಳು ಮುಟ್ಟುವ ಗುಬ್ಬಿ ಬಂಗಾರದಂತೆ ಹೊಳೆಯುತ್ತದೆ, ಗುಬ್ಬಿಯ ಬುಡದ ಸಂದಿ ಕಪ್ಪಾಗಿರುತ್ತದೆ. ನನ್ನ ಮಾಪಕದ ಬಲ ಅಂಚು ಮಾತ್ರ ಹೊಳೆಯುತ್ತದೆ, ಚಾಲಕನ ಹೆಬ್ಬೆರಳು ಒರಗುವ ಜಾಗ ಅದು. ಕೊನೆಗೆ ಹಸಿರು ನೀಲಿ ಬಣ್ಣವನ್ನು ನೀರಾಗಿಸಿ ಸಂದಿಗಳಿಗೆ ಬಿಟ್ಟು, ಮೇಲ್ಭಾಗವನ್ನು ಚಿಂದಿಯಿಂದ ಒರೆಸಿದರೆ ಕಿಲುಬು ಸಿದ್ಧ. ಆ ಸಂಜೆ ಕಿಲುಬು ಒಣಗುತ್ತಿದ್ದಾಗ ಅಮ್ಮ ಮಾಪಕವನ್ನು ಕೈಗೆತ್ತಿಕೊಂಡು, ಅದರ ಹಗುರಕ್ಕೆ ಬೆಚ್ಚಿದ್ದು ನನಗೆ ಸಿಕ್ಕ ದೊಡ್ಡ ಬಹುಮಾನ.

ನಿಜವಾದ ಹಿತ್ತಾಳೆಯೂ ಒಂದೆರಡು ಕಡೆ ಇರಲಿ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಗಂಟೆ, ಕೊಂಡಿ, ನಲ್ಲಿಯ ತುಂಡು ಏನಾದರೂ ಸರಿ. ತಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ವರ್ಷಗಳಿಂದ ಕೂತ ಆ ಮಸುಕನ್ನು ಯಾವ ಬಣ್ಣವೂ ಕೊಡಲಾರದು. ತಾಮ್ರದ ಕೊಳವೆ ಬೇಕಾದರೆ ಫ್ರಿಜ್ ರಿಪೇರಿ ಅಂಗಡಿಯಲ್ಲಿ ವಿಚಾರಿಸಿ. ಅಲ್ಲಿನ ಸಣ್ಣ ಕೊಳವೆ ಕೈಯಲ್ಲೇ ಬಾಗುತ್ತದೆ. ಕೊಳವೆ ಹಾಕಿದರೆ ಅದು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರಬೇಕು.

ಪಟ್ಟಿಗಳನ್ನು ಹಳೆಯ ಚರ್ಮದ ಚೀಲದಿಂದ ಕತ್ತರಿಸಿಕೊಂಡೆ, ಹೊಲಿಸಿದ್ದು ನಮ್ಮ ಬೀದಿಯ ಕೊನೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರಿಂದ. ನಾನು ಗುರುತು ಹಾಕಿಕೊಂಡು ಹೋಗಿದ್ದ ಜಾಗವನ್ನು ಅವರು ಒಪ್ಪಲಿಲ್ಲ. ಕೈ ಮಡಚಿದಾಗ ಎಳೆತ ಬೀಳುವುದು ಬಕಲಿನ ಬುಡಕ್ಕೆ ಎಂದು ತೋರಿಸಿ, ಅಲ್ಲಿ ಎರಡು ಸಾಲು ಹೊಲಿಗೆ ಹಾಕಿದರು. ಮೂರು ವರ್ಷವಾಯಿತು, ಒಂದು ಎಳೆಯೂ ಬಿಟ್ಟಿಲ್ಲ.

ಹೊರಡುವ ದಿನಕ್ಕೆ ಸ್ವಲ್ಪ ತಯಾರಿ ಬೇಕು. ಮುನ್ನಾದಿನ ಪೂರ್ತಿ ವೇಷ ಹಾಕಿಕೊಂಡು ಮನೆಯಲ್ಲಿ ಎರಡು ಗಂಟೆ ಓಡಾಡಿ, ಕುಳಿತು, ಊಟ ಮಾಡಿ ನೋಡಿ. ಬಂದೂಕಿನಂತೆ ಕಾಣುವ ಏನನ್ನೂ ಮೆಟ್ರೋದಲ್ಲಿ ಕೈಯಲ್ಲಿ ಹಿಡಿದು ಹೋಗಬೇಡಿ, ಕಾರ್ಯಕ್ರಮದ ನಿಯಮಗಳನ್ನೂ ಮೊದಲೇ ಓದಿಕೊಳ್ಳಿ. ಚೀಲದಲ್ಲಿ ಸೇಫ್ಟಿ ಪಿನ್ನು, ಅಂಟು, ನೀರು ಇರಲಿ. ಆಮೇಲೆ ಯಾರಾದರೂ ಬಂದು ‘ನೀವು ಯಾರು?’ ಎಂದು ಕೇಳಿದರೆ ಹೇಳಲು ಕೆಲಸವೊಂದು ಇರುತ್ತದೆ. ನಾನು ತೋಳು ಚಾಚಿ ಮಾಪಕ ತೋರಿಸುತ್ತೇನೆ. ಮುಳ್ಳು ಎರಡು ಸಾವಿರದ ನಾನೂರು ಅಡಿಯಲ್ಲಿದೆ, ರಾತ್ರಿ ಪಾಳಿಯವರು ಇನ್ನೂ ಕೆಳಗಿದ್ದಾರೆ.