ಬಾಯಿ ಮುಚ್ಚಿಕೊಂಡು ಒಳಗೆ ಹೋಗುವ ಬಣ್ಣ

ಪುಣೆಯ ಪಾಷಾಣ್ ಕಡೆ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಬುಕಿಂಗ್ ಬರೆಯಬೇಕು, ಲೆನ್ಸಿನ ಎಣ್ಣೆ ಒರೆಸಬೇಕು, ಹೊಸಬರಿಗೆ ಕಲಿಸಬೇಕು. ಈಚೆಗೆ ವಿಜಯಪುರದ ಹುಡುಗಿಯೊಬ್ಬಳು ಪಿಎಚ್‌ಡಿಗೆ ಸೇರಿದ್ದಾಳೆ. ಮೊನ್ನೆ ಕೇಳಿದಳು: "ಅಕ್ಕಾರ, ಸೂಜಿ ಚುಚ್ಚಂಗಿಲ್ಲ, ಏನಿಲ್ಲ. ಬಣ್ಣ ಒಳಗ ಹ್ಯಾಂಗ ಹೋಗ್ತದ್ರಿ?"

ಆ ಬಣ್ಣ ಫ್ಯುರಾ-2. ಜೀವಂತ ಕೋಶದೊಳಗೆ ಕ್ಯಾಲ್ಸಿಯಂ ಏರಿಳಿಯುವುದನ್ನು ತೋರಿಸುತ್ತದೆ. 1985ರಲ್ಲಿ ವಿಜ್ಞಾನಿ ರೋಜರ್ ಚೆನ್ ಮತ್ತು ಜೊತೆಯವರು ಮಾಡಿದ್ದು. ಕ್ಯಾಲ್ಸಿಯಂ ಹಿಡಿಯಬೇಕಾದರೆ ಬಣ್ಣದ ಮೇಲೆ ಋಣ ಚಾರ್ಜ್ ಇರಬೇಕು. ಚಾರ್ಜ್ ಇದ್ದರೆ ಕೋಶದ ಕೊಬ್ಬಿನ ಪೊರೆ ದಾಟಲು ಆಗದು. ಇದಕ್ಕೆ ಚೆನ್ 1981ರಲ್ಲೇ ಉಪಾಯ ಹುಡುಕಿದ್ದರು. ಬಣ್ಣದಲ್ಲಿ ಚಾರ್ಜ್ ಹೊರುವ ಆಮ್ಲದ ತುದಿಗಳಿಗೆ ಎಸ್ಟರ್ ಎಂಬ ರಾಸಾಯನಿಕ ಮುಚ್ಚಳ ಹಾಕಿದರೆ ಚಾರ್ಜ್ ಮರೆಯಾಗಿ ಬಣ್ಣ ಸಲೀಸಾಗಿ ಒಳಗೆ ಹೋಗುತ್ತದೆ. ಕೋಶದ ಎನ್‌ಜೈಮುಗಳೇ ಆ ಮುಚ್ಚಳ ಕತ್ತರಿಸುತ್ತವೆ. ಚಾರ್ಜ್ ವಾಪಸ್ ಬಂತು, ಬಣ್ಣ ಒಳಗೇ ಸಿಕ್ಕಿಬಿತ್ತು! (ಕತ್ತರಿಸಿದಾಗ ಚೂರು ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ, ಅದಕ್ಕೇ ಬಣ್ಣ ಜಾಸ್ತಿ ಸುರಿಯಬಾರದು.) ಚೆನ್‌ಗೆ 2008ರ ನೊಬೆಲ್ ಬಂದದ್ದು ಹೊಳೆಯುವ ಪ್ರೋಟೀನುಗಳಿಗೆ. ನನ್ನನ್ನು ಕೇಳಿದರೆ ಈ ಮುಚ್ಚಳಕ್ಕೇ ಒಂದು ಕೊಡಬಹುದಿತ್ತು.

ಬಣ್ಣ ತುಂಬುವಾಗ 37 ಡಿಗ್ರಿ ಬೇಡ. ಬಿಸಿ ಇದ್ದರೆ ಅದು ಕೋಶದ ಒಳಗಿನ ಚೀಲಗಳಿಗೂ ನುಗ್ಗುತ್ತದೆ. 'ರೂಮ್ ಟೆಂಪರೇಚರ್ ಅಂದರೆ ಏಸಿ ಹಾಕಿದ ಮೇಲಿನದು, ಏಪ್ರಿಲ್ ತಿಂಗಳ ಪುಣೆಯದಲ್ಲ' ಅಂತ ಬಾಗಿಲಿಗೆ ಬರೆದು ಅಂಟಿಸಿದ್ದೇನೆ.

ಆಮೇಲೆ 340 ಮತ್ತು 380 ನ್ಯಾನೋಮೀಟರ್ ಬೆಳಕನ್ನು ಒಂದಾದ ಮೇಲೊಂದು ಬಿಟ್ಟು, 510ರ ಸುತ್ತ ಹೊರಬರುವ ಹೊಳಪು ಅಳೆಯುತ್ತೇವೆ. ಕ್ಯಾಲ್ಸಿಯಂ ಏರಿದರೆ ಮೊದಲನೆಯದರ ಹೊಳಪು ಹೆಚ್ಚುತ್ತದೆ, ಎರಡನೆಯದರದ್ದು ಇಳಿಯುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಾಕು. ಕೋಶ ದಪ್ಪ ಇದೆಯೋ ತೆಳು ಇದೆಯೋ, ಬಣ್ಣ ಎಷ್ಟು ಹೋಗಿದೆಯೋ, ಆ ರಗಳೆಯೇ ಇಲ್ಲ.

ಅವಳ ತಟ್ಟೆಯಲ್ಲಿದ್ದದ್ದು ಹೀಲಾ ಕೋಶಗಳು, ಲ್ಯಾಬುಗಳಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು. ಕೋಶಗಳನ್ನು ಕೆರಳಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಹಾಕಿದ ಕೆಲವೇ ಸೆಕೆಂಡಿಗೆ ಪರದೆಯ ಮೇಲೆ ಕ್ಯಾಲ್ಸಿಯಂ ಗೆರೆ ಮೇಲೆದ್ದಿತು. ಕೆಲವು ಕೋಶಗಳು ಏರಿ ಸುಮ್ಮನಾದವು, ಕೆಲವು ಏರುತ್ತ ಇಳಿಯುತ್ತ ಇದ್ದವು. ಪಕ್ಕಪಕ್ಕದವಕ್ಕೂ ತಾಳ ಕೂಡಲಿಲ್ಲ. ಅವಳಿಗೆ ಚಿತ್ರ ಇನ್ನೂ ಸ್ವಚ್ಛ ಬೇಕಿತ್ತು, ಬೆಳಕು ಹೆಚ್ಚಿಸಲು ಹೋದಳು. ನಾನು ಬಿಡಲಿಲ್ಲ. 340 ಅಂದರೆ ಅತಿನೇರಳೆ, ಜಾಸ್ತಿ ಬಿದ್ದರೆ ಕೋಶ ಸಾಯುತ್ತದೆ.

ಈ ಕ್ಯಾಲ್ಸಿಯಂ ಹೊರಗಿನಿಂದ ಬಂತೋ, ಒಳಗಿನ ದಾಸ್ತಾನಿನಿಂದಲೋ? ಹೊರಗೆ ಹತ್ತು ಸಾವಿರ ಪಟ್ಟು ಜಾಸ್ತಿ ಇರುತ್ತದಲ್ವಾ, ಅನುಮಾನ ಸಹಜ. ದ್ರಾವಣದಿಂದ ಕ್ಯಾಲ್ಸಿಯಂ ತೆಗೆದು ಮತ್ತೆ ಮಾಡು ಅಂದೆ. ಒಳಗಿನ ದಾಸ್ತಾನಿನಿಂದಲೇ ಬಂದಿದ್ದರೆ ಮೊದಲ ಏರಿಕೆ ಆಗಲೂ ಕಾಣಬೇಕು. ಅವಳು ಗುರುವಾರ ಸ್ಲಾಟ್ ಕೇಳಿದಳು. ನಮ್ಮ ಕಡೆ ಗುರುವಾರ ಕರೆಂಟಿನ ಭರವಸೆ ಇಲ್ಲ, ಶುಕ್ರವಾರ ಬರೆದಿದ್ದೇನೆ.